ಈರುಳ್ಳಿ ಸಿಪ್ಪೆಯ ಮರ

ಅಕ್ಟೋಬರ್ 6, ಸೋಮವಾರ

ಮಗು ಬಂದು ಒಂದು ವಾರ ಕಳೆಯಿತು. ಬರೆದಿಟ್ಟರೆ ತಲೆ ಸ್ವಲ್ಪ ಸ್ಪಷ್ಟವಾದೀತು ಎಂದು ಬರೆಯುತ್ತಿದ್ದೇನೆ, ಯಾರಿಗೂ ತೋರಿಸುವುದಕ್ಕಲ್ಲ.

ನಾಲ್ಕು ವರ್ಷದವಳು. ಮಕ್ಕಳ ಧಾಮದಿಂದ ಬಂದವಳು. ಸದ್ಯಕ್ಕೆ ನಮ್ಮಲ್ಲಿ ಇರುತ್ತಾಳೆ, ಅಷ್ಟೇ. ಅವಳು ಹೊಂದಿಕೊಂಡಿದ್ದಾಳೆ, ನಾವು ಅವಳಿಗೆ ತಕ್ಕವರು ಎಂದು ಸಂಸ್ಥೆಯ ಸಮಾಲೋಚಕಿ ವರದಿ ಕೊಟ್ಟರೆ ದತ್ತು ಖಚಿತವಾಗುತ್ತದೆ. ಕೊಡದಿದ್ದರೆ "ಬೇರೆ ವ್ಯವಸ್ಥೆ" ಎಂದರು ಆಕೆ. ವಿಮೆ ಕಚೇರಿಯಲ್ಲಿ ಇಷ್ಟು ವರ್ಷ ಕ್ಲೇಮುಗಳನ್ನು ಓದುತ್ತ ಕೂತವಳು ನಾನು. ಇಂಥ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಗು ಅಳುವುದಿಲ್ಲ, ಹಟ ಮಾಡುವುದಿಲ್ಲ, ಕೊಟ್ಟಿದ್ದನ್ನು ತಿನ್ನುತ್ತಾಳೆ. ನಾವು ಅತ್ತ ತಿರುಗಿದಾಗ ಮಾತ್ರ ಒಂದೊಂದೇ ಕಪಾಟು ತೆರೆದು, ಒಳಗೇನಿದೆ ನೋಡಿ, ಸದ್ದಾಗದಂತೆ ಮುಚ್ಚುತ್ತಾಳೆ. ಇವರು ಅವಳನ್ನು "ಇನ್‌ಸ್ಪೆಕ್ಟರ್" ಅನ್ನುತ್ತಾರೆ. ಇವರದು ಲಿಫ್ಟ್ ರಿಪೇರಿ ಕೆಲಸ, ತಪಾಸಣೆಯವರನ್ನು ಕಂಡು ಅಭ್ಯಾಸ. "ನಮ್ಮಲ್ಲಿಗೆ ಬರೋರೂ ಹೀಗೇ ಕಣೆ. ಬಾಯಿ ಬಿಡಲ್ಲ, ಎಲ್ಲಾ ತೆಗ್ದು ನೋಡ್ತಾರೆ. ಪಾಸ್ ಮಾಡ್ತಾರೋ ಫೇಲೋ ಕೊನೇವರೆಗೂ ಗೊತ್ತಾಗಲ್ಲ."

ನನ್ನನ್ನು ಅವಳು ಏನೆಂದೂ ಕರೆಯುವುದಿಲ್ಲ. ಏನಾದರೂ ಬೇಕಾದರೆ ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ನಾನು ಗಮನಿಸುವವರೆಗೂ ನಿಂತೇ ಇರುತ್ತಾಳೆ.

"ಮಾತಾಡ್ಸೋಕೆ ಹೋಗ್ಬೇಡಿ," ಎಂದಿದ್ದರು ಸಮಾಲೋಚಕಿ. "ಜೊತೇಲಿ ಕೂತು ಏನಾದ್ರೂ ಕೈಕೆಲಸ ಮಾಡಿ. ಮನೇಲಿರೋ ಸಾಮಾನೇ ಸಾಕು." ಹೊರಗೆ ಬಾದಾಮಿ ಮರದ ಎಲೆಗಳು ಬಣ್ಣ ತಿರುಗುತ್ತಿವೆ, ಹಾಗಾಗಿ ವಿಷಯ ತಾನಾಗಿಯೇ ಸಿಕ್ಕಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಮನೆಯಲ್ಲೇ ಸಿಗುವ ವಸ್ತುಗಳು ಎಂದು ಹೇಳಿ, ಮಿನುಗುವ ಪುಡಿ, ಅಲುಗಾಡುವ ಪ್ಲಾಸ್ಟಿಕ್ ಕಣ್ಣು, ಬಣ್ಣಬಣ್ಣದ ತಂತಿ ಎಲ್ಲ ಕೇಳುತ್ತಾರೆ. ಯಾರ ಮನೆಯಲ್ಲಿ ಇರುತ್ತವೋ. ಅವನ್ನೆಲ್ಲ ಬಿಟ್ಟು, ನಿಜವಾಗಿ ಮಾಡಬಹುದಾದುದನ್ನು ಆರಿಸಿ ವೇಳಾಪಟ್ಟಿ ಹಾಕಿದ್ದೇನೆ. ತಾಯಿಯಾಗುವುದಕ್ಕೆ ವೇಳಾಪಟ್ಟಿ ಹಾಕುವವರು ಬೇರೆ ಯಾರಾದರೂ ಇದ್ದಾರೆಯೇ? ಇರಬಹುದು. ಹಾಕದೆ ಇರುವುದು ನನಗೆ ಗೊತ್ತಿಲ್ಲ.

ಅಕ್ಟೋಬರ್ 8, ಬುಧವಾರ

ಮೊದಲ ಕೆಲಸ. ಎಲೆಯನ್ನು ಬೆನ್ನು ಮೇಲಾಗಿಟ್ಟು, ಅದರ ಮೇಲೆ ತೆಳು ಕಾಗದ ಹರಡಿ, ಬಣ್ಣದ ಮೇಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜುವುದು. ಎಲೆಯ ನರಗಳು ಒಂದೊಂದಾಗಿ ಕಾಗದದ ಮೇಲೆ ಎದ್ದು ಬರುತ್ತವೆ. ನನಗೇ ಖುಷಿಯಾಯಿತು. ಮಗು ನಾನು ಹೇಳಿದ ಹಾಗೆಯೇ ಮಾಡಿದಳು. ಒಂದು ಗೆರೆಯೂ ಆಚೆ ಹೋಗಲಿಲ್ಲ. ಮುಗಿದ ಕೂಡಲೇ ಕಾಗದವನ್ನು ಮೇಜಿನ ಅಂಚಿಗೆ ತಳ್ಳಿ, ಕೈಕಟ್ಟಿ ಕೂತಳು.

"ಚೆನ್ನಾಗಿದೆ," ಎಂದೆ. ತಲೆಯಾಡಿಸಿದಳು.

ಒಳ್ಳೆಯ ಶಿಸ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮಧ್ಯಾಹ್ನ ನೋಡಿದರೆ ಬೂಟು ಹಾಕಿಕೊಂಡು ನಿಂತಿದ್ದಾಳೆ. ಪಾರ್ಕಿಗೆ ಹೋಗುವ ಆಸೆ ಇರಬೇಕು ಎಂದು ಕರೆದುಕೊಂಡು ಹೋದೆ. ಜಾರುಬಂಡಿ ಹತ್ತಲಿಲ್ಲ. ಇನ್ನಷ್ಟು ಎಲೆ ತಂದೆವು.

ಅಕ್ಟೋಬರ್ 11, ಶನಿವಾರ

ಹಳೆಯ ಹಲ್ಲುಜ್ಜುವ ಬ್ರಷ್ ಅನ್ನು ಬಣ್ಣದಲ್ಲಿ ಅದ್ದಿ, ಬಾಚಣಿಗೆಯ ಮೇಲೆ ಎಳೆದರೆ ಹನಿಹನಿಯಾಗಿ ಸಿಡಿಯುತ್ತದೆ. ಕೆಳಗೆ ಕಾಗದದ ಮೇಲೆ ಎಲೆ ಇಟ್ಟಿದ್ದರೆ ಅದರ ಆಕಾರ ಮಾತ್ರ ಬಿಳಿಯಾಗಿ ಉಳಿಯುತ್ತದೆ. ನನ್ನ ಮೂಗು, ಪರದೆ, ಅತ್ತೆಯ ಕನ್ನಡಕ ಎಲ್ಲದರ ಮೇಲೂ ಕಿತ್ತಳೆ ಬಣ್ಣ. ಮಗುವಿನ ಅಂಗಿಯ ಮೇಲೆ ಮಾತ್ರ ಒಂದು ಹನಿಯೂ ಇಲ್ಲ.

ಅತ್ತೆ ಕೆಳಗಿನ ಮನೆಯಲ್ಲಿರುತ್ತಾರೆ, ದಿನಕ್ಕೆ ಹತ್ತು ಸಲ ಮೇಲೆ ಬರುತ್ತಾರೆ. ರಟ್ಟಿನ ಕೊಳವೆ, ಮೊಟ್ಟೆ ಟ್ರೇ, ಬಾಟಲಿ ಮುಚ್ಚಳಗಳ ರಾಶಿ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನಮ್ಮಾ ಇದು? ಗುಜರಿಯವ್ನು ಬಂದ್ರೆ ನಮ್ಮನ್ನೂ ಸೇರ್ಸಿ ತೂಕಕ್ಕೆ ಹಾಕ್ಕೊಂಡು ಹೋಗ್ತಾನೆ."

"ಸುಮ್ನಿರಿ ಅತ್ತೆ, ಮಗು ಎದುರಿಗೆ."

"ಯಾಕೆ ಸುಮ್ನಿರ್ಲಿ? ಕೂಸು, ನೀನೇ ಹೇಳು. ಈ ಮನೇಲಿ ಮುಂಚೆ ಒಂದು ತಲೆಕೂದ್ಲು ಬಿದ್ದಿದ್ರೂ ಇವ್ಳು ನನ್ನನ್ನೇ ನೋಡೋಳು. ಈಗ ನೋಡು!"

ಮಗು ಅತ್ತೆಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು. ಆಮೇಲೆ ಕೆಳಗೆ ಬಿದ್ದಿದ್ದ ಮುಚ್ಚಳಗಳನ್ನು ಆರಿಸತೊಡಗಿದಳು. ಬೈದದ್ದು ತನಗೇ ಎಂದುಕೊಂಡಳೋ ಏನೋ. ಅತ್ತೆಯ ಮುಖ ಸಣ್ಣದಾಯಿತು.

ಅಕ್ಟೋಬರ್ 15, ಬುಧವಾರ

ಬಟ್ಟೆ ಕ್ಲಿಪ್ಪಿಗೆ ಹತ್ತಿ ಸಿಕ್ಕಿಸಿ ಬಣ್ಣ ಒತ್ತುವುದು. ಕಾಗದದ ಮೇಲೆ ಕಾಂಡ, ಕೊಂಬೆ ನಾನು ಬರೆದುಕೊಟ್ಟೆ. ಎಲೆ ಅವಳು ಒತ್ತಿದಳು. ಹತ್ತು ನಿಮಿಷದಲ್ಲಿ ಮುಗಿಯಿತು, ಅಂಚಿಗೆ ತಳ್ಳಿದಳು, ಕೈಕಟ್ಟಿದಳು.

ಅವಳಿಗೆ ಇದು ಇಷ್ಟವೇ? ಗೊತ್ತಾಗುವುದಿಲ್ಲ. ನನಗೆ ಅವಳು ಇಷ್ಟವೇ? ಬರೆಯಲು ಕೈ ಹಿಂಜರಿಯುತ್ತಿದೆ, ಆದರೆ ಇಲ್ಲಿ ಅಲ್ಲದೆ ಇನ್ನೆಲ್ಲಿ ಕೇಳಿಕೊಳ್ಳಲಿ. ಅವಳ ಮೇಲೆ ಕನಿಕರವಿದೆ, ಜವಾಬ್ದಾರಿಯಿದೆ. ಅವಳು ಮಲಗಿದ ಮೇಲೆ ನಿರಾಳವೆನಿಸುತ್ತದೆ. ಸಮಾಲೋಚಕಿ ಕೇಳಿದರೆ ಇದನ್ನು ಹೇಳುವುದಿಲ್ಲ.

ಸೋಮವಾರ ಆಕೆ ಬರುತ್ತಾರೆ.

ಅಕ್ಟೋಬರ್ 19, ಭಾನುವಾರ

ಇಡೀ ದಿನ ನಡುಮನೆಯ ಗೋಡೆ ಸಿಂಗರಿಸಿದೆವು. ಎಲೆ ಉಜ್ಜಿದ ಚಿತ್ರಗಳು, ಸಿಡಿಸಿದ ಚಿತ್ರಗಳು, ಹತ್ತಿಯಿಂದ ಒತ್ತಿದ ಮರ, ಮೊಟ್ಟೆ ಟ್ರೇಯಿಂದ ಮಾಡಿದ ಅಣಬೆಗಳು, ದಾರಕ್ಕೆ ಪೋಣಿಸಿದ ನಿಜವಾದ ಎಲೆಗಳ ಸರ. ಇವರು ಏಣಿ ಹತ್ತಿ, ಲಿಫ್ಟಿನ ಬಾಗಿಲು ಕೂರಿಸುವವರ ಹಾಗೆ ಮಟ್ಟ ಹಿಡಿದು ಅಂಟಿಸಿದರು.

"ಎಡಗಡೆ ಸ್ವಲ್ಪ ಮೇಲೆ," ಎಂದೆ.

"ಮೇಡಂ, ಮಟ್ಟ ಸರಿಯಾಗಿದೆ. ಗೋಡೇನೇ ಸೊಟ್ಟಗಿದೆ."

ಯಾರು ನೋಡಿದರೂ ಇದು ಮಕ್ಕಳಿರುವ ಮನೆ ಅನ್ನಬೇಕು. ನಮ್ಮ ಪ್ರಯತ್ನ ಕಣ್ಣಿಗೆ ಕಾಣಬೇಕಲ್ಲ. ಮಗು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಊಟ ಸರಿಯಾಗಿ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ.

ಅಕ್ಟೋಬರ್ 20, ಸೋಮವಾರ

ಹೀಗಾಯಿತು.

ಬೆಳಿಗ್ಗೆ ಎದ್ದಾಗ ಅವಳು ಆಗಲೇ ಸಿದ್ಧಳಾಗಿದ್ದಳು. ಬಂದ ದಿನ ತೊಟ್ಟಿದ್ದ ಫ್ರಾಕು, ಬೂಟು, ನೀರು ಹಚ್ಚಿ ತಾನೇ ಬಾಚಿಕೊಂಡ ತಲೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. "ಅಬ್ಬಾ, ಎಷ್ಟು ಜಾಣೆ!" ಎಂದೆ. ನಿಜವಾಗಿ ಹಾಗೆಂದೆ.

ಸಮಾಲೋಚಕಿ ಬಂದರು. ಮಗು ಎದ್ದು ನಿಂತು, ಯಾರೂ ಕೇಳದಿದ್ದರೂ ಒಂದು ಶಿಶುಗೀತೆ ಹೇಳಿದಳು, ಕೈ ಅಭಿನಯದ ಸಮೇತ. ಅಂಕಿ ಎಣಿಸಿ ತೋರಿಸಿದಳು. ನಮಗೆ ಇಷ್ಟು ದಿನದಲ್ಲಿ ಕೇಳಿಸದಷ್ಟು ಮಾತು ಐದು ನಿಮಿಷದಲ್ಲಿ. ಸಮಾಲೋಚಕಿ ಗೋಡೆ ನೋಡಿದರು, ಹೊಗಳಿದರು, ಕಾಫಿ ಕುಡಿದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಹೊರಡಲು ಎದ್ದಾಗ ಮಗು ಅವರ ಚೀಲದ ಹಿಡಿಕೆ ಹಿಡಿದುಕೊಂಡಳು. ಬಾಗಿಲು ದಾಟಿದಳು. ಒಂದು ಮೆಟ್ಟಿಲೂ ಇಳಿದಳು.

"ಎಲ್ಲಿಗೆ ಪುಟ್ಟಾ?" ಎಂದರು ಅವರು.

ಮಗು ಹಿಡಿಕೆ ಬಿಡಲಿಲ್ಲ. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಗಲೂ ಅಳಲಿಲ್ಲ.

"ಇನ್ನೂ ಹೊಂದ್ಕೊಂಡಿಲ್ಲ ಅನ್ಸುತ್ತೆ," ಎಂದರು ಸಮಾಲೋಚಕಿ, ಮೆಲ್ಲಗೆ. "ಮುಂದಿನ ತಿಂಗಳ ಕೊನೇಲಿ ಇನ್ನೊಂದ್ಸಲ ಬರ್ತೀನಿ. ಅದು ಕೊನೇ ಭೇಟಿ. ಅದಾದ್ಮೇಲೆ ನಾನು ಬರೀಲೇಬೇಕು."

ಅಕ್ಟೋಬರ್ 21, ಮಂಗಳವಾರ

ಏನೂ ಮಾಡಲಿಲ್ಲ.

ಅಕ್ಟೋಬರ್ 23, ಗುರುವಾರ

ಅತ್ತೆ ಕೇಳಿದರು, "ಹೋಗ್ಬೇಕು ಅಂತಾನೇ ಇದ್ರೆ ಹಿಡ್ಕೊಂಡು ಏನ್ ಮಾಡ್ತೀಯಾ?" ಕೆಟ್ಟದಾಗಿ ಕೇಳಲಿಲ್ಲ. ನನಗೂ ಅದೇ ಪ್ರಶ್ನೆ ಇತ್ತು. ಆದರೂ ಅವರ ಬಾಯಿಂದ ಬಂದಾಗ ಸಿಟ್ಟು ನೆತ್ತಿಗೇರಿತು. ಅವರ ಮೇಲೆ ತೋರಿಸಲಾಗದೆ ಗೋಡೆಯ ಮೇಲೆ ತೋರಿಸಿದೆ. ಸರ ಕಿತ್ತೆ. ಒಣಗಿದ ಎಲೆಗಳು ಪುಡಿಪುಡಿಯಾಗಿ ನೆಲದ ತುಂಬ ಬಿದ್ದವು. ಅಣಬೆ, ಮರ, ಎಲ್ಲ ತೆಗೆದೆ. ಟೇಪಿನ ಜೊತೆ ಅಲ್ಲಲ್ಲಿ ಸುಣ್ಣವೂ ಬಂತು.

ತಿರುಗಿದರೆ ಮಗು ಹಿಂದೆ ನಿಂತಿದ್ದಾಳೆ. ಖಾಲಿ ಗೋಡೆಯನ್ನು ನೋಡುತ್ತಿದ್ದಾಳೆ.

"ಇನ್ನು ಯಾರೂ ಬರಲ್ವಾ?" ಎಂದಳು.

ತಾನಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ. ನಾನು ನೆಲದ ಮೇಲೆ ಕೂತೆ. "ಯಾರು ಬರ್ಬೇಕಿತ್ತು?"

"ನೋಡೋರು."

"ಏನು ನೋಡೋರು?"

ನನಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದಳು. "ಚಿತ್ರ ಗೋಡೆ ಮೇಲೆ ಹಾಕ್ತಾರಲ್ಲ. ಆಮೇಲೆ ಬೂಟು ಹಾಕ್ಕೋಬೇಕು. ಆಮೇಲೆ ನೋಡೋರು ಬರ್ತಾರೆ. ಹಾಡು ಹೇಳ್ಬೇಕು. ಆಮೇಲೆ ಒಬ್ರು ಅವ್ರ ಜೊತೆ ಹೋಗ್ತಾರೆ."

"ಹೋದೋರು ವಾಪಸ್ ಬರ್ತಾರಾ?"

"ಇಲ್ಲ."

"ಚಿತ್ರ?"

"ಅದೂ ಇಲ್ಲ."

ನೋಡುವವರಾಗಿ ನಾವೂ ಧಾಮಕ್ಕೆ ಹೋಗಿದ್ದೆವಲ್ಲ, ಆ ದಿನ ಅಲ್ಲಿಯ ಗೋಡೆಯ ತುಂಬ ಕಾಗದದ ಹೂಗಳಿದ್ದವು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಇವರಿಗೆ ಹೇಳಿದ್ದೆ.

ಇಲ್ಲಿ ನಾನು ಎರಡು ವಾರ ಅವಳ ಕೈಯಲ್ಲಿ ಚಿತ್ರ ಮಾಡಿಸಿ, ಗೋಡೆಗೆ ಹಾಕಿ, ಹೋಗಲು ಸಿದ್ಧಳಾಗು ಎಂದು ಹೇಳುತ್ತಿದ್ದೆ.

ಅಕ್ಟೋಬರ್ 24, ಶುಕ್ರವಾರ

ಬೆಳಿಗ್ಗೆ ಸಮಾಲೋಚಕಿಗೆ ಫೋನ್ ಮಾಡಿದೆ. ಸಮಜಾಯಿಷಿ ಕೊಟ್ಟಂತೆ ಕೇಳಿಸುತ್ತದೆ ಎಂದು ಹಿಂಜರಿಯುತ್ತಿದ್ದೆ. ಇವರು, "ಲಿಫ್ಟ್ ಯಾಕೆ ನಿಂತಿದೆ ಅಂತ ಗೊತ್ತಾದ್ಮೇಲೂ ಹೇಳ್ದೇ ಇರೋಕಾಗುತ್ತಾ?" ಎಂದರು.

ಆಕೆ ಪೂರ್ತಿ ಕೇಳಿಸಿಕೊಂಡರು. "ಧಾಮದಲ್ಲಿ ಗೋಡೆ ಚೆನ್ನಾಗಿದ್ರೆ ಬರೋರಿಗೆ ಮಕ್ಳು ಹತ್ರ ಆಗ್ತಾರೆ ಅಂತ ನಾವೇ ಹಾಕ್ತಿದ್ವಿ," ಎಂದರು. ಆಮೇಲೆ, "ಆದ್ರೂ ನಾನು ನೋಡಿದ್ದನ್ನೇ ಬರೀಬೇಕಾಗುತ್ತೆ."

ಸರಿಯೇ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಕ್ಟೋಬರ್ 29, ಬುಧವಾರ

ಅವಳ ಚಿತ್ರಗಳನ್ನೆಲ್ಲ ಒಂದು ಬೂಟಿನ ಡಬ್ಬದಲ್ಲಿ ಹಾಕಿ ಅವಳ ಕೈಗೇ ಕೊಟ್ಟೆ. "ಇದು ನಿಂದು. ಎಲ್ಲಿ ಬೇಕಾದ್ರೂ ಇಟ್ಕೋ." ಡಬ್ಬ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು. ಕೊನೆಗೆ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು. ಇಷ್ಟು ದಿನದ ತಪಾಸಣೆಯಲ್ಲಿ ಕಂಡುಕೊಂಡ ಅತಿ ಭದ್ರವಾದ ಜಾಗ ಅದೇ ಇರಬೇಕು.

ಹೊಸದೇನನ್ನೂ ಮಾಡುವ ಧೈರ್ಯ ನನಗೆ ಬರುತ್ತಿಲ್ಲ.

ನವೆಂಬರ್ 3, ಸೋಮವಾರ

ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯುತ್ತಿದ್ದರು. ಮಗು ಪಕ್ಕದಲ್ಲಿ ಕೂತು ಸಿಪ್ಪೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಂದು, ಕಿತ್ತಳೆ, ನೇರಳೆ, ನರನರವಾಗಿ, ಥೇಟ್ ಎಲೆಯ ಹಾಗೆ. ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ.

"ಎಲೆ," ಎಂದಳು.

"ಎಲೆ ಅಲ್ಲ ಕೂಸು, ಕಸ," ಎಂದರು ಅತ್ತೆ. ಆಮೇಲೆ ತಾವೂ ಒಂದನ್ನು ಬೆಳಕಿಗೆ ಹಿಡಿದರು. "ಅಯ್ಯೋ, ಹೌದಲ್ಲ!"

ಇವರು ಕೆಲಸದ ಜಾಗದಿಂದ ತಂದಿಟ್ಟಿದ್ದ ಯಂತ್ರದ ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ ನಡುಮನೆಯ ನೆಲದ ಮೇಲೆ ಹಾಸಿದೆ. ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ ಕಾಯಿಸಿ ಅಂಟು ಮಾಡಿದೆ. ಗಂಟುಗಂಟಾಯಿತು. ಚಹಾದ ಚರಟದಿಂದ ಕಾಂಡ. ಕೊಂಬೆಗಳನ್ನು ನಾನು ಬರೆಯಲು ಹೋದೆ, ಪೆನ್ಸಿಲ್ ಕೆಳಗಿಟ್ಟೆ. ಅವಳೇ ಬೆರಳಲ್ಲಿ ಎಳೆದಳು. ಮರ ಒಂದು ಕಡೆಗೆ ವಾಲಿದೆ.

ಇದ್ದ ಸಿಪ್ಪೆ ಒಂದು ಕೊಂಬೆಗೂ ಸಾಲಲಿಲ್ಲ. ಅವಳು ಅಂಚು ಹುಡುಕಿದಳು, ಎಲ್ಲಿಗೆ ತಳ್ಳಬೇಕು ಎಂದು. ರಟ್ಟು ಅವಳಿಗಿಂತ ದೊಡ್ಡದು.

"ಮುಗೀಲಿಲ್ಲ," ಎಂದಳು, ಗಾಬರಿಯಿಂದ.

"ಇವತ್ತು ಮುಗಿಯಲ್ಲ," ಎಂದೆ. "ಈರುಳ್ಳಿ ತಿಂದ ಹಾಗೆಲ್ಲ ಅಂಟಿಸ್ಬೇಕು."

"ನಾಳೆ?"

"ನಾಳೇನೂ ಮುಗಿಯಲ್ಲ."

ಅದನ್ನು ಕೇಳಿ ಅವಳು ಕೈಕಟ್ಟಿ ಕೂರದೆ, ಖಾಲಿ ಕೊಂಬೆಗಳನ್ನು ಬೆರಳಿನಿಂದ ಮುಟ್ಟುತ್ತ ಹೋದಳು.

ನವೆಂಬರ್ 7, ಶುಕ್ರವಾರ

ಮನೆಯವರೆಲ್ಲ ಈರುಳ್ಳಿ ತಿಂದು ತಿಂದು ಒಬ್ಬರ ಹತ್ತಿರ ಒಬ್ಬರು ಹೋಗುವ ಹಾಗಿಲ್ಲ. ಲಿಫ್ಟಿನಲ್ಲಿ ಜೊತೆಗಾರ ತನಗೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ ಎಂದು ಇವರ ದೂರು. ಅತ್ತೆ ಪಕ್ಕದ ಮನೆಗಳ ಬಾಗಿಲು ತಟ್ಟಿ ಸಿಪ್ಪೆ ಕೇಳಿ ತರುತ್ತಾರೆ. "ನಮ್ಮ ಮೊಮ್ಮಗಳು ಮರ ಮಾಡ್ತಿದ್ದಾಳೆ, ಕಸ ಇದ್ರೆ ಕೊಡಿ!" ಗುಜರಿಯವನ ಮಾತು ಮರೆತೇ ಹೋಗಿದೆ.

ಮೈದಾ ಅಂಟು ಎರಡನೆಯ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಸ್ವಲ್ಪ ಉಪ್ಪು ಹಾಕಿ ಕಾಯಿಸಿದರೆ ತಡೆಯುತ್ತದೆ. ಗಂಟಾಗದಿರಲು ಮೊದಲು ತಣ್ಣೀರಲ್ಲೇ ಪೂರ್ತಿ ಕದಡಬೇಕು.

ನವೆಂಬರ್ 12, ಬುಧವಾರ

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದೆ. ನಡುಮನೆಯಿಂದ ಜೋರಾಗಿ, "ಅಮ್ಮಾ, ಅಂಟು ಖಾಲಿ!" ಹೋಗಿ ನೋಡಿದರೆ ಬೋಗುಣಿ ಬರಿದಾಗಿದೆ, ಮೊಣಕೈವರೆಗೂ ಬಳಿದುಕೊಂಡಿದ್ದಾಳೆ, ಕೂದಲಲ್ಲೂ ಇದೆ. ಡಬ್ಬದಲ್ಲಿ ಮೈದಾ ಇರಲಿಲ್ಲ. ಅಂಗಡಿಗೆ ಓಡಿದೆ. ಇನ್ನು ಮೇಲೆ ದೊಡ್ಡ ಪೊಟ್ಟಣವನ್ನೇ ತರಬೇಕು, ಸಣ್ಣದು ಎರಡು ದಿನಕ್ಕೂ ಬರುವುದಿಲ್ಲ.

ನವೆಂಬರ್ 18, ಮಂಗಳವಾರ

ಜಗಳ. ಇವರು ಕೆಲಸದ ಬೂಟಿನಲ್ಲಿ ಮರದ ಮೂಲೆ ತುಳಿದರು. ಅವಳು ಕಿರುಚಿದಳು, ಇವರ ಕಾಲಿಗೆ ಗುದ್ದಿದಳು, ಅಡುಗೆಮನೆಗೆ ಓಡಿ ಬಾಗಿಲ ಹಿಂದೆ ಕೂತು ಅತ್ತಳು. ಇಷ್ಟು ಗಟ್ಟಿಯಾಗಿ ಅಳುತ್ತಾಳೆಂದು ನನಗೆ ತಿಳಿದಿರಲಿಲ್ಲ. ಇವರು ನೆಲದ ಮೇಲೆ ಕೂತು, "ತಪ್ಪಾಯ್ತು ಇನ್‌ಸ್ಪೆಕ್ಟರ್, ದಂಡ ಹಾಕಿ," ಎಂದು ಬೇಡಿಕೊಂಡರು.

"ಐದು ಈರುಳ್ಳಿ!" ಎಂದಳು ಬಾಗಿಲ ಹಿಂದಿನಿಂದ.

ನನಗೆ ತಲೆನೋವು. ಬೇಗ ಮಲಗಬೇಕು. ಅವಳು ನಿದ್ದೆ ಹೋದ ಮೇಲೂ ಹೋಗಿ ಹೊದಿಕೆ ಸರಿಮಾಡಿ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ತಲೆನೋವು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನವೆಂಬರ್ 26, ಬುಧವಾರ

ನಾಡಿದ್ದು ಕೊನೆಯ ಭೇಟಿ. ತೋರಿಸಲು ನಮ್ಮ ಬಳಿ ಏನೂ ಇಲ್ಲ. ಗೋಡೆಯಲ್ಲಿ ಸುಣ್ಣ ಕಿತ್ತ ಗುರುತು, ನೆಲದ ಮೇಲೆ ವಾಲಿದ ಮರ, ಮನೆಯೆಲ್ಲ ಈರುಳ್ಳಿ ವಾಸನೆ. ಮಗು ಈಗ ಹಟ ಮಾಡುತ್ತಾಳೆ, ಹೊಡೆಯುತ್ತಾಳೆ, ಬೆಂಡೆಕಾಯಿ ಬೇಡವೆನ್ನುತ್ತಾಳೆ. ಮೊದಲ ಭೇಟಿಯ ಮಗುವಿಗೆ ಈಗಿನವಳನ್ನು ಹೋಲಿಸಿದರೆ ನಾವು ಕೆಡಿಸಿದ್ದೇವೆ ಎಂದೇ ಕಾಣುತ್ತದೆ.

ಸಮಾಲೋಚಕಿ ಬರುವುದನ್ನು ಅವಳಿಗೆ ಹೇಳಲೇಬೇಕಿತ್ತು. ಹೇಳಿದೆ. ಅಂಟು ಸವರುತ್ತಿದ್ದ ಬ್ರಷ್ ನಿಂತಿತು.

"ಯಾರು ಹೋಗೋದು?" ಎಂದಳು.

"ಯಾರೂ ಹೋಗಲ್ಲ. ಅವ್ರು ಬರ್ತಾರೆ, ಕಾಫಿ ಕುಡೀತಾರೆ, ಹೋಗ್ತಾರೆ."

ನಂಬಿದಳೋ ಇಲ್ಲವೋ. ವರದಿ ಬರೆಯುವುದು ನಾನಲ್ಲವಲ್ಲ. ಯಾರೂ ಹೋಗುವುದಿಲ್ಲ ಎಂದು ಭರವಸೆ ಕೊಡಲು ನಾನು ಯಾರು?

ನವೆಂಬರ್ 28, ಶುಕ್ರವಾರ

ಮನೆ ಗುಡಿಸಿ ಇಡಬೇಕೆಂದುಕೊಂಡಿದ್ದೆ. ಆಗಲಿಲ್ಲ. ಬೆಳಿಗ್ಗೆಯೇ ಅತ್ತೆ ಒಂದು ಚೀಲ ಕೆಂಪು ಈರುಳ್ಳಿಯ ಸಿಪ್ಪೆ ತಂದರು, ಅದನ್ನು ಬಿಟ್ಟು ಏಳಲು ಇವಳು ಒಪ್ಪಲಿಲ್ಲ. ನನಗೂ ಆ ಬಣ್ಣ ನೋಡಿ ಏಳುವ ಮನಸ್ಸಾಗಲಿಲ್ಲ. ಕರೆಗಂಟೆ ಬಾರಿಸಿದಾಗ ಇಬ್ಬರೂ ನೆಲದ ಮೇಲೆ ಮೊಣಕಾಲೂರಿ ಕೂತಿದ್ದೆವು. ಬರಿಗಾಲು, ರಾತ್ರಿಯ ಬಟ್ಟೆ, ಬಾಚದ ತಲೆ.

ಅತ್ತೆ ಬಾಗಿಲು ತೆಗೆದರು. ಸಮಾಲೋಚಕಿ ಒಳಗೆ ಕಾಲಿಟ್ಟರು.

"ತುಳೀಬೇಡಿ!" ಎಂದಳು ಇವಳು.

ಅವರು ಅಲ್ಲೇ ಚಪ್ಪಲಿ ಬಿಟ್ಟು, ಗೋಡೆಗೆ ಒತ್ತಿಕೊಂಡು, ಮರವನ್ನು ಬಳಸಿ ಬಂದು ಕೂತರು. ಗೋಡೆಯನ್ನು ಒಮ್ಮೆ ನೋಡಿದರು, ನನ್ನನ್ನು ನೋಡಿದರು.

"ಹಾಡು ಹೇಳ್ತೀಯಾ ಪುಟ್ಟಾ?"

"ಈಗ ಆಗಲ್ಲ. ಕೆಲ್ಸ ಇದೆ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು. ಸಮಾಲೋಚಕಿ ಕಾಫಿ ಕುಡಿಯುತ್ತ ಸುಮ್ಮನೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇವಳು ಒಂದು ಸಿಪ್ಪೆಗೆ ಅಂಟು ಸವರಿ, ಯೋಚಿಸಿ, ಅವರ ಕೈಗೆ ಕೊಟ್ಟು ಜಾಗ ತೋರಿಸಿದಳು. ಅವರು ಅಂಟಿಸಿದರು. ಇವಳು ಅದನ್ನು ಕಿತ್ತು, ಸ್ವಲ್ಪ ಮೇಲೆ, ಸರಿಯಾದ ಜಾಗದಲ್ಲಿ ಅಂಟಿಸಿದಳು.

ಅವರು ಎದ್ದರು. ಚೀಲ ಹೆಗಲಿಗೇರಿಸಿದರು. ಇವಳೂ ಎದ್ದಳು. ನನ್ನ ಕೈ ಅಂಟಿನ ಬೋಗುಣಿಯಲ್ಲೇ ನಿಂತಿತು. ಇವಳು ಅವರ ಹಿಂದೆಯೇ ಬಾಗಿಲವರೆಗೆ ಹೋದಳು. ನಾನೂ ಹೋದೆ, ಆದರೆ ಕರೆಯಲಿಲ್ಲ, ಹಿಡಿಯಲಿಲ್ಲ. ಹಿಡಿದರೆ ಅವಳಿಗೆ ಇರಬೇಕೋ ಹೋಗಬೇಕೋ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲ ಅನ್ನಿಸಿತು.

ಹೊಸ್ತಿಲಲ್ಲಿ ಇವಳು ನಿಂತು, ತಲೆಯೆತ್ತಿ ಅವರನ್ನು ಕೇಳಿದಳು: "ನೀವು ಒಬ್ರೇ ಹೋಗ್ತೀರಾ?"

"ಹೂಂ. ಒಬ್ಳೇ."

ಇವಳು ಅವರ ಕೈಗಳನ್ನೂ ಚೀಲವನ್ನೂ ಒಮ್ಮೆ ಪರೀಕ್ಷಿಸಿ ನೋಡಿದಳು. "ಸರಿ," ಎಂದು ಬಾಗಿಲು ಹಾಕಿದಳು. ಚಿಲಕ ಎಟುಕುವುದಿಲ್ಲ, ಜಿಗಿದು ಜಿಗಿದು ಹಾಕಿದಳು.

ಹೊರಗೆ ಸಮಾಲೋಚಕಿ ಇನ್ನೂ ನಿಂತು ಏನೋ ಹೇಳುತ್ತಿದ್ದರು. ವರದಿಯ ವಿಷಯವೇ ಇರಬೇಕು. ಬಾಗಿಲು ತೆರೆದು ಕೇಳಬೇಕಿತ್ತು. ಆದರೆ ಆ ಚಿಲಕವನ್ನು ಇವಳ ಎದುರಿಗೇ ತೆಗೆಯುವುದು ನನ್ನಿಂದಾಗಲಿಲ್ಲ.

"ಬಾ," ಎಂದಳು. "ಒಣಗ್ತಿದೆ."

ಹೋಗಿ ಕೂತೆ.